ತೊಳೆದ ಡಬ್ಬಿ

ಇದನ್ನು ಹೇಳುವಾಗಲೂ ನನಗೆ ಮೈ ಉರಿಯುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಒಂದೇ ಹೆಸರು ಹೇಳಿ ಸುಮ್ಮನಾಗಲು ಬರುವುದಿಲ್ಲ. ಆ ಹೆಸರುಗಳ ಜೊತೆ ನನ್ನ ಹೆಸರೂ ಇದೆ.

ನಾನು ಅಲ್ಲಾಸಾಬ. ಧಾರವಾಡದ ಸಪ್ತಾಪುರದಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಯಿತು. ಸುತ್ತಲಿನ ಓಣಿಗಳಲ್ಲೆಲ್ಲ ಬಾಡಿಗೆ ಖೋಲಿಗಳು, ಖೋಲಿಗಳಲ್ಲೆಲ್ಲ ಓದುವ ಹುಡುಗ ಹುಡುಗಿಯರು. ನನ್ನ ಅಂಗಡಿಯ ಒಳಗೋಡೆಗೆ ಒಂದು ಉದ್ದನೆಯ ಹಲಗೆ ಹೊಡೆದಿದ್ದೇನೆ. ಅದರ ಮೇಲೆ ಟೈರು, ಟ್ಯೂಬು, ಎಣ್ಣೆ ಡಬ್ಬ ಯಾವುದನ್ನೂ ಇಡಗೊಡುವುದಿಲ್ಲ. ಅದು ಬುತ್ತಿಯ ಹಲಗೆ.

ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ಈ ಮಕ್ಕಳ ಅವ್ವಂದಿರು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿಗೆ ತುಂಬಿ, ಅರಿವೆಯ ಚೀಲದಲ್ಲಿ ಕಟ್ಟಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಾರೆ. ಬಸ್ಸು ಒಂಬತ್ತಕ್ಕೆ ನನ್ನ ಅಂಗಡಿಯ ಮುಂದೆ ನಿಂತು ಹಾರ್ನ್ ಹೊಡೆಯುತ್ತದೆ. ನಾನು ಕೈ ಒರೆಸಿಕೊಂಡು ಹೋಗಿ ಇಳಿಸಿಕೊಳ್ಳುತ್ತೇನೆ. ಮಧ್ಯಾಹ್ನ ಮಕ್ಕಳು ಬಂದು ಉಂಡು, ತೊಳೆದು, ಮತ್ತೆ ಹಲಗೆಯ ಮೇಲೆ ಇಟ್ಟು ಹೋಗುತ್ತಾರೆ. ಐದೂವರೆಯ ಬಸ್ಸಿಗೆ ಖಾಲಿ ಡಬ್ಬಿ ಊರು ಸೇರುತ್ತದೆ. ಒಂದರ ಬದಲು ಒಂದು ಹೋಗಬಾರದೆಂದು ಮುಚ್ಚಳದ ಮೇಲೆ ಹೆಸರು ಬರೆಯುವವನೂ ನಾನೇ, ನಂಬರ್ ಪ್ಲೇಟಿಗೆ ಹಚ್ಚುವ ಕೆಂಪು ಬಣ್ಣದಲ್ಲಿ.

ಇದಕ್ಕೆ ಯಾರೂ ಬರೆದಿಡದ ಒಂದು ಕಟ್ಟಳೆ ಇದೆ. ಡಬ್ಬಿ ತೊಳೆದೇ ಹೋಗಬೇಕು. ಎಂಜಲು ಡಬ್ಬಿ ಕಳಿಸಿದರೆ ಮಾಡಿ ಹಾಕಿದವಳಿಗೆ ಅವಮಾನ. ತುಂಬಿದ ಡಬ್ಬಿ ವಾಪಸ್ ಕಳಿಸುವುದಂತೂ ಕೇಡಿನ ಮಾತು. ತೊಳೆದ ಡಬ್ಬಿ ಬಂದರೆ ಮಗು ಉಂಡಿತು ಎಂದು ಅರ್ಥ. ಮನೆಮನೆಗೆ ಫೋನು ಬಂದಿದ್ದರೂ ಮುಗದದ ಹೆಂಗಸರು ಈ ವಿಷಯದಲ್ಲಿ ನಂಬುವುದು ಡಬ್ಬಿಯನ್ನೇ.

ನೀಲಾ ಮುಗದದ ಮುರಿಗೆವ್ವನ ಒಬ್ಬಳೇ ಮಗಳು, ಬಿ.ಎಸ್‌ಸಿ. ಕೊನೆಯ ವರ್ಷ. ಮೊದಲ ಎರಡು ವರ್ಷ ಪ್ರತಿದಿನ ಕಾಲೇಜು ಬಿಟ್ಟವಳೇ ಬಂದು, ಹಳೆಯ ಸ್ಕೂಟರಿನ ಸೀಟಿನ ಮೇಲೆ ಕುಳಿತು ಉಣ್ಣುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಮೊಸರು, ಒಂದು ಹಸಿ ಉಳ್ಳಾಗಡ್ಡಿ. ನನ್ನ ಕೈ ಎಣ್ಣೆಯಾಗಿದ್ದರೆ ತಾನೇ ಒಂದು ತುತ್ತು ಮುರಿದು ಕಾಗದದಲ್ಲಿ ಸುತ್ತಿ ಇಟ್ಟುಹೋಗುವಳು. ನನಗೆ ಹೆಣ್ಣುಮಕ್ಕಳಿಲ್ಲ. ಆ ಸೀಟನ್ನು ಮಾರೆಂದು ಮೂರು ಜನ ಕೇಳಿದ್ದರು, ನಾನು ಮಾರಲಿಲ್ಲ.

ಕಳೆದ ನವೆಂಬರಿನಲ್ಲಿ ಅವಳು ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿರುವ ಕ್ಲಾಸಿಗೆ ಸೇರಿದಳು, ಸರ್ಕಾರಿ ನೌಕರಿಯ ಪರೀಕ್ಷೆಗಾಗಿ. ಅದನ್ನು ನಡೆಸುವ ಕುಮಾರಸ್ವಾಮಿಯೂ ಮುಗದದವನೇ. ಹದಿನೈದು ವರ್ಷದ ಹಿಂದೆ ಅವನ ಡಬ್ಬಿಯೂ ಇದೇ ಹಲಗೆಯ ಮೇಲೆ ಕೂಡುತ್ತಿತ್ತು. ಅವನು ಬೋರ್ಡು ಹಾಕಿದ ದಿನ ನಾನು ಎದೆಯುಬ್ಬಿಸಿ ಬಂದವರಿಗೆಲ್ಲ ಹೇಳಿದ್ದೆ, ಇವ ನಮ್ಮ ಹಲಗೆಯ ಹುಡುಗ ಎಂದು. ಈಗ ಆ ಮಾತು ನೆನೆಸಿಕೊಂಡರೆ ನಾಲಗೆ ಕಚ್ಚಿಕೊಳ್ಳಬೇಕೆನಿಸುತ್ತದೆ.

ಕ್ಲಾಸು ಮೊದಲು ಎರಡು ಗಂಟೆಗೆ ಶುರುವಾಗುತ್ತಿತ್ತು. ಪಾಠ ಮುಗಿಯುತ್ತಿಲ್ಲ ಎಂದು ಅದನ್ನು ಒಂದಕ್ಕೆ ತಂದ. ಕಾಲೇಜು ಬಿಡುವುದು ಹನ್ನೆರಡೂ ನಲವತ್ತಕ್ಕೆ. ಓಡೋಡಿ ಬಂದರೆ ಒಂದಕ್ಕೆ ಬಾಗಿಲು ಮುಟ್ಟಬಹುದು. ಒಂದು ನಿಮಿಷ ತಡವಾದರೆ ಬಾಗಿಲು ಹಾಕಿ, ಆ ದಿನದ ಟೆಸ್ಟಿಗೆ ಸೊನ್ನೆ. ಒಳಗೆ ಡಬ್ಬಿ ಬಿಚ್ಚುವಂತಿಲ್ಲ, ಎ.ಸಿ. ಖೋಲಿಯಲ್ಲಿ ಉಳ್ಳಾಗಡ್ಡಿ ವಾಸನೆ ನಿಲ್ಲುತ್ತದಂತೆ. ಮೂರಕ್ಕೆ ಹತ್ತು ನಿಮಿಷ ಚಹಾಕ್ಕೆ ಬಿಡುವು, ಐದಕ್ಕೆ ಮುಕ್ತಾಯ. ನನ್ನ ಹಲಗೆಯಿಂದ ಅವನ ಮೆಟ್ಟಿಲಿಗೆ ನಲವತ್ತು ಹೆಜ್ಜೆ, ನಾನೇ ಅಳೆದಿದ್ದೇನೆ.

ನೀಲಾಳ ಊಟ ಹೀಗಾಯಿತು: ಬೆಳಿಗ್ಗೆ ಚಹಾದಲ್ಲಿ ಅದ್ದಿದ ಎರಡು ಬಿಸ್ಕೀಟು, ಮೂರಕ್ಕೆ ನಿಂತುಕೊಂಡೇ ಒಂದು ಪೊಟ್ಟಣ ಗಿರಮಿಟ್ಟು, ರಾತ್ರಿ ಖೋಲಿಯಲ್ಲಿ ಕುದಿಸಿಕೊಂಡ ನೂಡಲ್ಸು. ಮೊದಮೊದಲು ಐದಕ್ಕೆ ಬಂದು ಡಬ್ಬಿ ತೆಗೆಯುತ್ತಿದ್ದಳು. ಅಷ್ಟೊತ್ತಿಗೆ ರೊಟ್ಟಿ ಬಿರುಸಾಗಿ, ಪಲ್ಯ ನೀರು ಬಿಟ್ಟು, ಹಸಿವೂ ಸತ್ತಿರುತ್ತಿತ್ತು. ಎರಡು ತುತ್ತು ತಿಂದು ಮುಚ್ಚುವಳು. ಒಂದು ದಿನ ಮುಚ್ಚಳ ಸಹ ತೆಗೆಯಲಿಲ್ಲ.

"ಕಾಕಾ, ನಾಕ ದಿನ ಟೆಸ್ಟ್ ಅದಾವ್ರಿ. ತುಂಬಿದ ಡಬ್ಬಿ ಹೋದ್ರ ಅವ್ವ ಎದಿ ಒಡಕೊಂಡು ಓಡಿ ಬರ್ತಾಳ. ನೀವ ಅದನ್ನ ಬರಿದು ಮಾಡಿ ತೊಳದು ಕಳಸ್ರಿ. ನಾಕ ದಿನ ಅಷ್ಟ."

"ಲೇ ಹುಚ್ಚಿ, ಉಣ್ಣಾಕ ಬರದಾಂಥ ಅದೆಂಥಾ ಓದು? ಹೊಟ್ಟಿ ಖಾಲಿ ಇಟ್ಟಕೊಂಡು ತಲಿ ತುಂಬತೈತೇನು?"

"ನಿಮ್ಮ ಕಾಲಿಗೆ ಬೀಳ್ತೇನ್ರಿ ಕಾಕಾ."

ಕಾಲಿಗೆ ಬೀಳುತ್ತೇನೆ ಎಂದರೆ ಕರಗುವ ಹಾಳು ಬುದ್ಧಿ ನನ್ನದು. ಹಿಂದಿನ ಓಣಿಯ ಗೌಳಿಗರ ಎಮ್ಮೆಗೆ ರೊಟ್ಟಿ ಹಾಕಿದೆ. ಡಬ್ಬಿಗೆ ಸೋಪು ಹಚ್ಚಿ ಎರಡು ಸಲ ತೊಳೆದೆ, ಎಣ್ಣೆ ವಾಸನೆ ಬರಬಾರದೆಂದು. ನನ್ನ ಹೆಂಡತಿ ಸಿತಾರಾ ಕೊಟ್ಟ ಹೊಸ ಅರಿವೆಯಿಂದ ಒರೆಸಿ ಬಸ್ಸಿಗೆ ಕೊಟ್ಟೆ. ಮರುದಿನ ಡಬ್ಬಿಯಲ್ಲಿ ನಾಲ್ಕರ ಬದಲು ಐದು ರೊಟ್ಟಿ. ಮಗಳಿಗೆ ಹಸಿವು ಹೆಚ್ಚಾಗಿದೆ ಎಂದು ಆ ತಾಯಿ ತಿಳಿದಿದ್ದಳು.

ನಾಲ್ಕು ದಿನ ಹೋಗಿ ನಾಲ್ಕು ತಿಂಗಳಾಯಿತು. ಒಂದು ಟೆಸ್ಟು ಮುಗಿಯುವಷ್ಟರಲ್ಲಿ ಇನ್ನೊಂದು. ನಾನು ದಿನವೂ ನೀಲಾಳನ್ನು ಬೈಯುತ್ತಿದ್ದೆ. ಬೈದರೆ ನನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಬೈದು, ಎಮ್ಮೆಗೆ ಹಾಕಿ, ತೊಳೆದು, ಕಳಿಸುವುದು. ಶೇಂಗಾ ಹೋಳಿಗೆ ಬಂತು, ಎಮ್ಮೆ ತಿಂದಿತು. ಬೆಣ್ಣೆ ಬಂತು, ಅದನ್ನೂ ನೆಕ್ಕಿತು. ಆ ಎಮ್ಮೆ ಮೈ ತುಂಬಿಕೊಂಡು ಮಿರಿಮಿರಿ ಮಿಂಚತೊಡಗಿತು. ನೀಲಾಳ ಕುತ್ತಿಗೆಯ ಎಲುಬು ಎದ್ದವು. ಎರಡನ್ನೂ ನೋಡುತ್ತಿದ್ದೆ, ನನ್ನ ಕಣ್ಣಿಗೆ ಏನು ಬಡಿದಿತ್ತೋ ಗೊತ್ತಿಲ್ಲ.

ಏಪ್ರಿಲ್ ಎರಡನೇ ವಾರ, ಮೂರು ಗಂಟೆಯ ಬಿಡುವಿನಲ್ಲಿ, ಅವಳು ಕ್ಲಾಸಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದಳು. ಯಾರೋ ಕೂಗಿದರು. ನಾನು ನಟ್ಟು ಬಿಚ್ಚುತ್ತಿದ್ದ ಪಾನಾ ಬಿಸಾಡಿ ಓಡಿದೆ. ಎತ್ತಿ ಆಟೋದಲ್ಲಿ ಹಾಕಿಕೊಂಡಾಗ ಅವಳ ತೂಕ ನನ್ನ ತೋಳಿಗೆ ತಿಳಿಯಿತು. ಮೈಮೇಲೆ ಏನೂ ಉಳಿದಿರಲಿಲ್ಲ.

ದವಾಖಾನೆಯಲ್ಲಿ ರಕ್ತ ತೆಗೆದು ನೋಡಿದರು. ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದದ್ದು ಆರೂವರೆ ಇದೆ ಎಂದರು. ಸಂಜೆ ಮುರಿಗೆವ್ವ ಬಂದಳು, ಹೊಲದಿಂದ ಹಾಗೇ ಬಂದವಳ ಸೀರೆಯ ಅಂಚಿಗೆ ಕೆಂಪು ಮಣ್ಣು. ಡಾಕ್ಟರು ಹರೆಯದ ಹೆಣ್ಣುಮಗಳು. ಊಟ ಹೇಗೆ ಮಾಡುತ್ತಾಳೆ ಎಂದು ಕೇಳಿದಳು.

"ಊಟಕ್ಕ ಕಡಿಮಿ ಮಾಡಿಲ್ರೀ. ಐದ ರೊಟ್ಟಿ ಉಣತಾಳ್ರಿ ದಿನಾ. ತಪ್ಪಲಪಲ್ಯ, ಕಾಳು, ಮೊಸರು, ಎಲ್ಲಾ ಕಳಸ್ತೇನ್ರಿ. ಡಬ್ಬಿ ತೊಳದ ಬರತೈತ್ರಿ, ಒಂದ ದಿನ ಒಂದ ಅಗಳ ತಿರುಗಿ ಬಂದಿಲ್ಲ," ಎಂದಳು ಮುರಿಗೆವ್ವ. ಆ ಹೊತ್ತಿನಲ್ಲೂ ಅವಳ ದನಿಯಲ್ಲಿ ಒಂದು ಹೆಮ್ಮೆ ಇತ್ತು.

ಡಾಕ್ಟರು ನೀಲಾಳನ್ನು ನೋಡಿದಳು. ನೀಲಾ ಅವ್ವನ ಮುಖ ನೋಡಿ, ಹೌದೆಂದು ತಲೆಯಾಡಿಸಿ, ಗೋಡೆಯ ಕಡೆ ಹೊರಳಿದಳು.

"ಇಷ್ಟೆಲ್ಲ ಉಂಡೂ ರಕ್ತ ಇಷ್ಟು ಇಳಿದೈತಿ ಅಂದ್ರ ಒಳಗ ಎಲ್ಲೋ ಸೋರತಿರಬೇಕು. ನಾಳೆ ಬಾಯಿಂದ ನಳಿಗಿ ಹಾಕಿ ಹೊಟ್ಟಿ ನೋಡ್ತೇವಿ. ಅದರಾಗ ಏನೂ ಸಿಗಲಿಲ್ಲ ಅಂದ್ರ ಎಲುಬಿನ ಒಳಗಿಂದ ಮಜ್ಜಿ ತಗದು ಪರೀಕ್ಷಾ ಮಾಡಬೇಕಾಗತೈತಿ. ದೊಡ್ಡ ರೋಗ ಏನರ ಐತೇನು ನೋಡಬೇಕಲ್ಲ."

ಮುರಿಗೆವ್ವನ ಕೈ ಕೊರಳ ಲಿಂಗದ ಮೇಲೆ ಹೋಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಇಲ್ಲದ ರೋಗವನ್ನು ಹುಡುಕಲು ಆ ಹುಡುಗಿಯ ಎಲುಬಿಗೆ ಸೂಜಿ ಚುಚ್ಚುವವರಿದ್ದರು, ನಾನು ತೊಳೆದ ಡಬ್ಬಿ ನಂಬಿಕೊಂಡು. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು.

"ಬಾಯಾರ, ಆಕಿ ಉಂಡಿಲ್ರೀ," ಎಂದೆ. "ನಾಕ ತಿಂಗಳಾತು. ರೊಟ್ಟಿ ಎಮ್ಮಿ ತಿಂದೈತಿ. ಡಬ್ಬಿ ತೊಳದ ಕಳಸಿದಾಂವ ನಾನ."

ಡಾಕ್ಟರು ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಕುಕ್ಕಿದಳು. ಇದನ್ನು ಬಂದ ತಕ್ಷಣ ಹೇಳಬೇಕಿತ್ತು ಎಂದು ನನಗೆ ಸರಿಯಾಗಿ ಬೈದಳು. ಬೈಗುಳ ತಿಂದದ್ದು ಸಾಲಲಿಲ್ಲ ಅನ್ನಿಸಿತು. ಮುರಿಗೆವ್ವ ಬೈಯಲಿಲ್ಲ. ನನ್ನನ್ನೇ ನೋಡುತ್ತ ಮೆಲ್ಲಗೆ ಹೇಳಿದಳು.

"ಅಣ್ಣಾರ, ನೀವು ಒಂದ, ಒಂದ ದಿನ ತುಂಬಿದ ಡಬ್ಬಿ ಹಂಗ ತಿರುಗಿ ಕಳಸಿದ್ರ ಮರುದಿನಾನ ನಾ ಇಲ್ಲಿ ಬಂದಿರತಿದ್ದೆ."



ನಳಿಗೆಯೂ ಬೇಕಾಗಲಿಲ್ಲ, ಸೂಜಿಯೂ ಬೇಕಾಗಲಿಲ್ಲ. ಎರಡು ಬಾಟಲಿ ರಕ್ತ ಏರಿಸಿ, ಗುಳಿಗೆ ಬರೆದುಕೊಟ್ಟರು. ಇನ್ನು ಹೊತ್ತು ಹೊತ್ತಿಗೆ ಉಣ್ಣದಿದ್ದರೆ ಮತ್ತೆ ಇದೇ ಹಾಸಿಗೆ ಎಂದು ಎಚ್ಚರಿಸಿ ಬಿಟ್ಟರು. ಮುರಿಗೆವ್ವ ಮಗಳನ್ನು ಹತ್ತು ದಿನ ಊರಿಗೆ ಕರೆದೊಯ್ದಳು. ಹೋಗುವಾಗ ನನ್ನ ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಹತ್ತು ದಿನದ ಮೇಲೆ ನೀಲಾ ಬಂದಳು, ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ನಾನಂತೂ ಕುಮಾರಸ್ವಾಮಿ ಬುದ್ಧಿ ಕಲಿತಿರುತ್ತಾನೆ, ಗಂಟೆ ಬದಲಿಸಿರುತ್ತಾನೆ ಎಂದೇ ತಿಳಿದಿದ್ದೆ. ಅವನು ಏನು ಮಾಡಿದ್ದ ಗೊತ್ತೇ? ಮೆಟ್ಟಿಲ ಬಳಿ ಒಂದು ಬ್ಯಾನರು ಕಟ್ಟಿಸಿದ್ದ. 'ವಿದ್ಯಾರ್ಥಿಗಳಿಗೆ ಆರೋಗ್ಯಕರ ಆಹಾರ: ವಿಶೇಷ ಉಪನ್ಯಾಸ. ಸೋಮವಾರ ಮಧ್ಯಾಹ್ನ 1ರಿಂದ 2.' ಹಾಜರಾತಿ ಕಡ್ಡಾಯ ಎಂದು ಕೆಳಗೆ ದಪ್ಪಕ್ಷರ.

ಊಟದ ಹೊತ್ತಿನಲ್ಲಿ ಊಟದ ಬಗ್ಗೆ ಭಾಷಣ. ನಾನು ಅದನ್ನು ಎರಡು ಸಲ ಓದಿದೆ, ಕಣ್ಣು ತಪ್ಪಿರಬಹುದೆಂದು. ತಪ್ಪಿರಲಿಲ್ಲ.

ಸೋಮವಾರ ಒಂದು ಗಂಟೆಗೆ ನೀಲಾ ಅಂಗಡಿಯ ಮುಂದೆಯೇ ಓಡಿದಳು. "ಡಬ್ಬಿ!" ಎಂದು ಕೂಗಿದೆ. "ಐದಕ್ಕ ಕಾಕಾ!" ಎಂದು ಮೆಟ್ಟಿಲು ಹತ್ತಿದಳು. ಹಲಗೆಯ ಮೇಲೆ ಏಳು ಡಬ್ಬಿ ಇದ್ದವು, ಏಳೂ ಆ ಕ್ಲಾಸಿನ ಮಕ್ಕಳವು. ನಾನು ಹದಿನೈದು ನಿಮಿಷ ತಡೆದುಕೊಂಡೆ. ಸಿತಾರಾ ಆಗ ಅಂಗಡಿಯಲ್ಲಿ ಇದ್ದಿದ್ದರೆ ಇನ್ನೊಂದಿಷ್ಟು ತಡೆಯುತ್ತಿದ್ದೆನೇನೋ. ಏಳೂ ಚೀಲ ಎರಡು ಕೈಯಲ್ಲಿ ತೂಗಹಾಕಿಕೊಂಡು, ಎಣ್ಣೆಯ ಅಂಗಿಯಲ್ಲೇ ಮೇಲೆ ಹೋದೆ.

ಎ.ಸಿ. ತಣ್ಣಗೆ ಬೀಸುತ್ತಿತ್ತು. ಗೋಡೆಯ ಮೇಲೆ ದೊಡ್ಡ ಚಿತ್ರ, ಗಾಜಿನ ಬಟ್ಟಲಲ್ಲಿ ನನಗೆ ಹೆಸರು ಗೊತ್ತಿಲ್ಲದ ಹಣ್ಣುಗಳು. ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಬಂದ ಆಹಾರತಜ್ಞೆ, ಕಾಟನ್ ಸೀರೆಯ ಸಭ್ಯ ಹೆಂಗಸು, ಹೇಳುತ್ತಿದ್ದಳು: ಏನೇ ಒತ್ತಡವಿರಲಿ, ಊಟ ತಪ್ಪಿಸಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ. ನಲವತ್ತು ಮಕ್ಕಳು ಬರೆದುಕೊಳ್ಳುತ್ತಿದ್ದರು.

"ಬಾಯಾರ, ಈಗ ಟೈಮ್ ಎಷ್ಟಾತ್ರಿ?" ಎಂದು ಬಾಗಿಲಿಂದ ಕೇಳಿದೆ.

ಅವಳು ಗಡಿಯಾರ ನೋಡಿಕೊಂಡಳು. "ಒಂದು ಇಪ್ಪತ್ತು."

"ಇವರೊಳಗ ಉಂಡು ಬಂದವರು ಎಷ್ಟ ಮಂದಿ ಒಂದೀಟು ಕೇಳ್ರಿ."

ಅವಳು ಕೇಳಿದಳು. ಒಂದೂ ಕೈ ಏಳಲಿಲ್ಲ. ಆ ಹೆಂಗಸಿನ ಮುಖ ಕೆಂಪಾಯಿತು, ಕುಮಾರಸ್ವಾಮಿಯ ಕಡೆ ತಿರುಗಿ, "ಈ ಹೊತ್ತು ಆರಿಸಿದವರು ಯಾರು ಸರ್?" ಎಂದಳು. ಕುಮಾರಸ್ವಾಮಿ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ.

"ಕಾಕಾ, ಮರ್ಯಾದಿ ಕಳೀಬ್ಯಾಡ್ರಿ. ಇದು ಕ್ಲಾಸು."

"ಮರ್ಯಾದಿ? ಒಂದ ಹುಡುಗಿ ನಿನ್ನ ಮೆಟ್ಟಲಾ ಮ್ಯಾಲ ಸಾಯೂದೊಂದ ಬಾಕಿ ಇತ್ತು. ಅರ್ಧಾ ತಾಸು ಬಿಡಾಕ ಏನಾಗತೈತಿ ನಿನಗ? ಮೂರ ವರ್ಷ ನೀ ನನ್ನ ಅಂಗಡ್ಯಾಗ ಕುಂತು ಉಂಡೀ. ನಿಮ್ಮವ್ವ ರತ್ನವ್ವ ಕಳಸಿದ್ದು ತಣ್ಣಗಾಗೂದ್ರಾಗ ಉಣ್ಣೋ ಅಂತ ನಾ ಓಡಿ ಬಂದು ಕರದೇನಿ. ಮರತ್ಯಾ?"

"ಆವಾಗಿನ ಮಾತು ಬ್ಯಾರೆ ಕಾಕಾ. ನಾ ಅರ್ಧಾ ತಾಸು ಬಿಟ್ರ ಬಾಜೂ ಕ್ಲಾಸಿನವರು ಬಿಡೂದಿಲ್ಲ. ಮನ್ಯಾಗಿನವರು ಬಂದು ರಿಸಲ್ಟ್ ಏನಾತು ಅಂತ ಕೇಳ್ತಾರ. ರೊಟ್ಟಿ ಉಂಡ್ರೇನು ಅಂತ ಇವತ್ತಿನ ತನಕಾ ಒಬ್ಬರೂ ಬಂದು ಕೇಳಿಲ್ಲ."

"ಯಾಕ ಕೇಳಿಲ್ಲ ಗೊತ್ತೇನು?" ಎಂದೆ. ಕೇಳಿದ ಮೇಲೆ ಉತ್ತರ ನನಗೇ ಹೊಳೆಯಿತು. ಅವರು ಕೇಳಲಿಲ್ಲ, ಏಕೆಂದರೆ ದಿನವೂ ಸಂಜೆ ಅವರಿಗೆ ತೊಳೆದ ಡಬ್ಬಿ ಹೋಗುತ್ತಿತ್ತು. ನೀಲಾಳದನ್ನು ನಾನು ತೊಳೆಯುತ್ತಿದ್ದೆ. ಉಳಿದ ಆರು ಮಕ್ಕಳು ಐದು ಗಂಟೆಗೆ ಬಂದು ಚರಂಡಿಗೆ ಸುರಿದು ತಾವೇ ತೊಳೆಯುತ್ತಿದ್ದರು, ನನ್ನ ನಳದಲ್ಲಿ, ನನ್ನ ಸೋಪಿನಲ್ಲಿ, ನನ್ನ ಕಣ್ಣೆದುರಿಗೇ.

ಡಬ್ಬಿಗಳನ್ನು ಹಾಗೇ ಇಳಿಸಿಕೊಂಡು ಬಂದೆ. ಅವತ್ತು ಯಾರು ಬಂದು ಕೇಳಿದರೂ ಕೊಡಲಿಲ್ಲ. ಐದೂವರೆಗೆ ಬಸ್ಸು ಬಂತು. ಕಂಡಕ್ಟರ್ ಮಹಾಂತಯ್ಯ ಎರಡು ಚೀಲ ಎತ್ತಿ ನನ್ನ ಮುಖ ನೋಡಿದ.

"ಸಾಬಣ್ಣ, ಡಬ್ಬಿ ಭಾರ ಅದಾವಲ್ರೀ?"

"ಅದಾವ. ಏಳೂ ಭಾರ ಅದಾವ. ಹಂಗ ಮನಿಮನಿಗೆ ಮುಟ್ಟಸು."

ಕ್ಲಾಸಿನಲ್ಲಿ ಹಿಂದೆ ಉಳಿದಿದ್ದ ನೀಲಾ ಓಡಿ ಬರುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಬರಿದಾದ ಹಲಗೆ ನೋಡಿದಳು. "ಏನ ಮಾಡಿದ್ರಿ ಕಾಕಾ? ಇನ್ನ ಅವ್ವ ಸುಮ್ಮನಿರ್ತಾಳೇನು?"

"ಸುಮ್ಮನ ಇರಬಾರದು ಅಂತನ ಕಳಸೇನಿ," ಎಂದೆ. ಸಂಜೆಯೆಲ್ಲ ಯಾವ ನಟ್ಟೂ ನೆಟ್ಟಗೆ ಕೂಡಲಿಲ್ಲ ನನ್ನ ಕೈಯಲ್ಲಿ.

ಮರುದಿನ ಒಂಬತ್ತರ ಬಸ್ಸಿಗೆ ಒಂದೂ ಡಬ್ಬಿ ಬರಲಿಲ್ಲ. ಏನಯ್ಯಾ ಎಂದು ಕೇಳಿದರೆ ಮಹಾಂತಯ್ಯ, "ಹನ್ನೆರಡರ ಬಸ್ಸಿಗೆ ಬರ್ತಾವಂತ," ಎಂದಷ್ಟೇ ಹೇಳಿ ಸೀಟಿ ಊದಿದ.

ಹನ್ನೆರಡರ ಬಸ್ಸು ಬಂತು. ಡಬ್ಬಿಗಳು ಇಳಿದವು, ಅವ್ವಂದಿರ ಕೈಯಲ್ಲಿ. ಆರು ಜನ ತಾಯಂದಿರು, ಒಂದು ಮಗುವಿನ ಅಜ್ಜಿ, ಒಟ್ಟು ಏಳು ಜನ. ಎಲ್ಲರ ಮುಂದೆ ಇದ್ದವಳು ಮುರಿಗೆವ್ವ. ಅಂಗಡಿಯ ಕಡೆ ಯಾರೂ ಬರಲಿಲ್ಲ. ನೆಟ್ಟಗೆ ಎದುರಿನ ಕಟ್ಟಡಕ್ಕೆ ಹೋಗಿ ಮೆಟ್ಟಿಲ ಮೇಲೆ ಮೇಲಿಂದ ಕೆಳಗಿನವರೆಗೆ ಸಾಲಾಗಿ ಕುಳಿತರು, ಮುರಿಗೆವ್ವ ಕ್ಲಾಸಿನ ಬಾಗಿಲ ಹತ್ತಿರ. ನಾನೂ ಹಿಂದೆಯೇ ಹೋಗಿ ಬಾಗಿಲ ಪಕ್ಕ ಗೋಡೆಗೆ ಆತು ನಿಂತೆ. ಒಂದಕ್ಕೆ ಐದು ನಿಮಿಷವಿದ್ದಾಗ ಮಕ್ಕಳು ಓಡಿ ಬಂದರು. ಒಬ್ಬೊಬ್ಬಳು ತನ್ನ ತನ್ನ ಕೂಸನ್ನು ಕೈ ಹಿಡಿದು ಕೂರಿಸಿದಳು. ಡಬ್ಬಿ ಇಲ್ಲದ ಉಳಿದ ಮಕ್ಕಳಿಗೂ ರೊಟ್ಟಿ ಹರಿದು ಕೈಗೆ ಇಟ್ಟರು. ದಾಟಿ ಹೋಗಲು ಕಾಲಿಡುವಷ್ಟು ಜಾಗ ಇರಲಿಲ್ಲ. ಉಳ್ಳಾಗಡ್ಡಿಯ ವಾಸನೆ ಎರಡನೇ ಮಹಡಿಯವರೆಗೂ ಏರಿತು.

ಕುಮಾರಸ್ವಾಮಿ ಬಾಗಿಲಿಗೆ ಬಂದ. "ಅವ್ವಾರ, ಒಂದ ಗಂಟೆ ಆತು. ಮಕ್ಕಳನ್ನ ಬಿಡ್ರಿ."

ಮುರಿಗೆವ್ವ ಕುಳಿತಲ್ಲಿಂದ ಏಳಲಿಲ್ಲ. ಮಡಿಲಲ್ಲಿದ್ದ ಎಂಟನೆಯ ಡಬ್ಬಿಯನ್ನು ಎತ್ತಿ ಅವನ ಕಡೆ ಚಾಚಿದಳು. ಮುಚ್ಚಳದ ಮೇಲೆ ನಾನೇ ಬರೆದ ಹಳೆಯ ಕೆಂಪು ಅಕ್ಷರ, ಅರ್ಧ ಉದುರಿದ್ದರೂ ಅವನ ಹೆಸರು ಓದಲು ಬರುತ್ತಿತ್ತು. "ನಿಮ್ಮವ್ವ ಕಳಿಸ್ಯಾಳ. ಆಕಿನೂ ಬರಾಕಿ ಇದ್ಲು, ಮೊಣಕಾಲು ಬ್ಯಾನಿ, ಬಸ್ ಹತ್ತಾಕ ಬರಲಿಲ್ಲ. ನನ್ನ ಮಗಾನೂ ಮಧ್ಯಾಹ್ನ ಉಣ್ಣೂದಿಲ್ಲೇನು ಅಂತ ಕೇಳಿದ್ಲು. ನಾ ಏನಂತ ಹೇಳ್ಲಿ?"

ಅವನು ಡಬ್ಬಿ ಹಿಡಿದುಕೊಂಡು ನಿಂತ. ಅದನ್ನು ಹಿಡಿದುಕೊಂಡೇ ಒಳಗೆ ಹೋದ. ಆ ದಿನ ಕ್ಲಾಸು ಒಂದೂ ನಲವತ್ತಕ್ಕೆ ಶುರುವಾಯಿತು. ಮರುದಿನ ಬೆಳಿಗ್ಗೆ ಬ್ಯಾನರು ಇದ್ದ ಜಾಗದಲ್ಲಿ ಒಂದೂವರೆ ಗಂಟೆ ಎಂದು ಬರೆದ ಕಾಗದ ಅಂಟಿತ್ತು. ಒಳ್ಳೆಯವನಾದ ಎಂದು ನಾನು ಹೇಳುವುದಿಲ್ಲ. ಆ ಹೆಂಗಸರು ನಾಳೆಯೂ ಬರಬಹುದೆಂದು ಹೆದರಿದ, ಅಷ್ಟೇ.

ಹೆಂಗಸರು ಬಂದ ದಿನವೇ, ಊರಿಗೆ ಹೋಗುವ ಮುಂಚೆ ಮುರಿಗೆವ್ವ ನನ್ನ ಅಂಗಡಿಗೆ ಬಂದಳು. ದವಾಖಾನೆಯಲ್ಲಿ ಆ ಮಾತಾದ ಮೇಲೆ ಅದೇ ಮೊದಲ ಸಲ. ಸ್ಕೂಟರಿನ ಸೀಟು ಒರೆಸಿ ಕೊಟ್ಟೆ, ಕೂರಲಿಲ್ಲ.

"ನಾಳಿಂದ ಡಬ್ಬಿ ಬಸ್ಸಿಗೆ ಬರತೈತಿ. ಇಳಿಸ್ಕೋರಿ. ಖರೇ, ತೊಳದ ಕಳಸಬ್ಯಾಡ್ರಿ. ನೀವೂ ತೊಳೀಬ್ಯಾಡ್ರಿ, ಆಕಿಗೂ ತೊಳ್ಯಾಕ ಬಿಡಬ್ಯಾಡ್ರಿ."

"ಎಂಜಲ ಡಬ್ಬಿ ಹ್ಯಾಂಗ ಕಳಸೂದ್ರಿ ಅಕ್ಕಾರ?"

"ಹಂಗ ಕಳಸ್ರಿ. ನಿಮ್ಮ ತೊಳದ ಡಬ್ಬಿ ಇನ್ನ ನಾ ನಂಬೂದಿಲ್ಲ."

ಅವಳು ಹೊರಟು ಹೋದಳು. ಸಿಟ್ಟು ಇಳಿದಿರಲಿಲ್ಲ, ಇಳಿಯಬೇಕೆಂದು ನಾನೂ ಕೇಳಲಿಲ್ಲ.

ಮರುದಿನ ನೀಲಾ ಒಂದಕ್ಕೆ ಬಂದು ಅದೇ ಸೀಟಿನ ಮೇಲೆ ಕುಳಿತು ಉಂಡಳು. ಉಂಡು ನಳದ ಕಡೆ ನಡೆದಳು, ನಾನು ಡಬ್ಬಿ ಕಸಿದುಕೊಂಡೆ. ತಳದಲ್ಲಿ ಪುಂಡಿಪಲ್ಯ ಅಂಟಿತ್ತು, ಮೊಸರು ನೆಕ್ಕಿದ ಬೆರಳಿನ ಗುರುತು ಹಾಗೇ ಇತ್ತು. ಸಂಜೆ ಮಹಾಂತಯ್ಯ ಚೀಲ ಮೂಸಿ ಮೂಗು ಮುರಿದ. ಬಾಯಿ ಮುಚ್ಚಿಕೊಂಡು ಒಯ್ಯಿ ಎಂದು ಅವನನ್ನು ಗದರಿದೆ.